ಕೋಟೆಬಾಗಿಲಿನ ಹಾಡು: ಕಥನಗೀತೆ ಕಟ್ಟುವುದನ್ನು ಕಲಿಯುವ ಬಗೆ

ಕೋರಮಂಗಲದಲ್ಲಿ ಲಕ್ಷ್ಮೀದೇವಮ್ಮನ ಸ್ಮಾರಕವಿದೆ. ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆಯನ್ನು ಕಟ್ಟಿಸುವಾಗ ಹಗಲು ನಿಲ್ಲಿಸಿದ ಬಾಗಿಲು ರಾತ್ರಿಯಾದೊಡನೆ ಬೀಳುತ್ತಿತ್ತೆಂದೂ, ಬಸುರಿಯೊಬ್ಬಳ ಬಲಿಯಾದರೆ ಮಾತ್ರ ಅದು ನಿಲ್ಲುವುದೆಂದು ತಿಳಿದವರು ಹೇಳಿದರೆಂದೂ, ಗೌಡರು ಅದಕ್ಕೆ ಒಪ್ಪದಿದ್ದಾಗ ಬಸುರಿಯಾಗಿದ್ದ ಅವರ ಸೊಸೆಯೇ ರಾತ್ರಿ ಹೊರಟುಹೋಗಿ ಬಾಗಿಲ ಬಳಿ ತನ್ನನ್ನು ಬಲಿ ಕೊಟ್ಟುಕೊಂಡಳೆಂದೂ ಐತಿಹ್ಯ ಹೇಳುತ್ತದೆ. ಇಷ್ಟನ್ನು ಎರಡು ನಿಮಿಷದಲ್ಲಿ ಯಾರಿಗೆ ಬೇಕಾದರೂ ಹೇಳಿಬಿಡಬಹುದು. ಇದನ್ನೇ ಹಾಡಾಗಿ ಕಟ್ಟಲು ಕುಳಿತ ನನಗೆ ಮೊದಲ ಹತ್ತು ಸಾಲು ನಿಲ್ಲಲು ಎರಡು ತಿಂಗಳು ಹಿಡಿಯಿತು. ಹಳೆಯ ಕಥನಗೀತೆಗಳು ಹೇಗೆ ಕೆಲಸ ಮಾಡುತ್ತವೆ, ಅವನ್ನು ಈಗ ಬರೆಯಹೊರಟವರು ಎಲ್ಲಿ ಎಡವುತ್ತಾರೆ ಎಂಬುದನ್ನು ಆ ಎರಡು ತಿಂಗಳ ಅನುಭವದ ಆಧಾರದ ಮೇಲೆ ಇಲ್ಲಿ ವಿವರಿಸುತ್ತೇನೆ.

ಕಥೆ ಹೇಳುವ ಹಾಡಿಗೆ ಕಥನಗೀತೆ ಎಂಬುದು ಪುಸ್ತಕದವರು ಕೊಟ್ಟ ಹೆಸರು; ಹಾಡುವವರ ಬಾಯಲ್ಲಿ ಅದಕ್ಕೆ ಬೇರೆ ಬೇರೆ ಹೆಸರುಗಳಿವೆ. ಉತ್ತರ ಕರ್ನಾಟಕದಲ್ಲಿ ಲಾವಣಿ ಮತ್ತು ಗೀಗೀ ಪದ, ಹಳೆಯ ಮೈಸೂರಿನ ಕಡೆ ತಂಬೂರಿ ಪದ, ಮಲೆಯ ಮಾದೇಶ್ವರನ ಕಥೆ ಹೇಳುವ ದೇವರಗುಡ್ಡರ ಕಂಸಾಳೆ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಪದ, ಹೆಂಗಸರು ಬೀಸುವಾಗ ಕುಟ್ಟುವಾಗ ಹೇಳಿಕೊಂಡ ಕಥೆಯ ಹಾಡುಗಳು, ಕರಾವಳಿಯ ತುಳುವಿನಲ್ಲಿ ಪಾಡ್ದನ. ಇವುಗಳಲ್ಲಿ ಕೆಲವು ರಾತ್ರಿಯಿಡೀ ನಡೆಯುವ ಮಹಾಕಾವ್ಯಗಳು. ಅವನ್ನು ಒಬ್ಬರು ಕುಳಿತು ಬರೆಯುವ ಮಾತೇ ಇಲ್ಲ. ಕಲಿಯುವವರು ಕೈಹಾಕಬೇಕಾದದ್ದು ಚಿಕ್ಕದಕ್ಕೆ: ಒಂದು ಘಟನೆ, ಮೂರೋ ನಾಲ್ಕೋ ಜನ, ಒಂದೇ ಧಾಟಿ, ಅರ್ಧ ಗಂಟೆಯೊಳಗೆ ಮುಗಿಯುವ ಹಾಡು. ಮರಾಠಿಯಲ್ಲಿ ಲಾವಣಿ ಎಂದರೆ ಹೆಚ್ಚಾಗಿ ಶೃಂಗಾರ, ವೀರರ ಕಥೆಗೆ ಪೋವಾಡಾ ಎಂಬ ಬೇರೆ ಪ್ರಕಾರವೇ ಇದೆ. ಕನ್ನಡದ ಲಾವಣಿ ಈ ಗಡಿಯನ್ನು ಪಾಲಿಸಲಿಲ್ಲ. ದಂಗೆ, ಕೊಲೆ, ಬರಗಾಲ, ತೆರಿಗೆ, ವೇದಾಂತ ಎಲ್ಲವನ್ನೂ ಅದು ಒಳಗೆ ಬಿಟ್ಟುಕೊಂಡಿತು.

ಈ ಎಲ್ಲ ಹಾಡುಗಳಿಗೂ ಸಮಾನವಾದ ಒಂದು ಸಂಗತಿಯಿದೆ, ಮತ್ತು ನನ್ನ ಅನುಭವದಲ್ಲಿ ಉಳಿದ ನಿಯಮಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಇವನ್ನು ಕಟ್ಟಿದ್ದು ಹಾಡುವವನ ಉಸಿರಿಗೆ ಮತ್ತು ಕೇಳುವವನ ನೆನಪಿಗೆ. ಓದುಗನಿಗೆ ಪುಟ ತಿರುವಿ ಹಿಂದಕ್ಕೆ ಹೋಗುವ ಅನುಕೂಲವಿದೆ. ಜಾತ್ರೆಯಲ್ಲಿ ನಿಂತು ಕೇಳುವವನಿಗೆ ಅದಿಲ್ಲ. ಅವನು ಒಂದು ಸಾಲು ತಪ್ಪಿಸಿಕೊಂಡರೂ ಕಥೆ ಕೈಬಿಡಬಾರದು. ಆದ್ದರಿಂದ ಮಾತು ಮರಳಿ ಮರಳಿ ಬರುತ್ತದೆ, ಪಲ್ಲವಿ ತಿರುಗಿ ತಿರುಗಿ ಬರುತ್ತದೆ, ಹೆಸರುಗಳಿಗೆ ಬಾಲದಂತೆ ವಿಶೇಷಣಗಳು ಅಂಟಿಕೊಂಡಿರುತ್ತವೆ, ಸಾಲಿನ ಕೊನೆಯಲ್ಲಿ ಅರ್ಥವೂ ಮುಗಿಯುತ್ತದೆ. ಓದಿ ಬೆಳೆದ ನಮ್ಮಂಥವರಿಗೆ ಮೊದಲು ಇದೆಲ್ಲ ಸೋಮಾರಿತನದ ಹಾಗೆ ಕಾಣುತ್ತದೆ, ಬರೆಯುವಾಗ ಅವನ್ನೇ ತಿದ್ದಿ ತೆಗೆದುಹಾಕುತ್ತೇವೆ, ಉಳಿಯುವುದು ಪ್ರಾಸವಿರುವ ಪ್ರಬಂಧ.

ಮೊದಲು ನಡೆಯ ವಿಷಯ. ಕನ್ನಡದ ಕಥನಕ್ಕೆ ಒದಗಿಬಂದ ಮಟ್ಟುಗಳು ಹಲವು. ತ್ರಿಪದಿ ಬಹಳ ಹಳೆಯದು, ಕ್ರಿ.ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಪೂರ್ಣ ರೂಪದಲ್ಲಿದೆ. ಮೂರು ಸಾಲಿಗೆ ಒಟ್ಟು 11 ಗಣ, ಅಂದರೆ ಅಕ್ಷರಗಳ ಗುಂಪು, ಅವುಗಳಲ್ಲಿ 6 ಮತ್ತು 10ನೆಯವು ಚಿಕ್ಕದಾದ ಬ್ರಹ್ಮಗಣ, ಉಳಿದವು ಅದಕ್ಕಿಂತ ದೊಡ್ಡದಾದ ವಿಷ್ಣುಗಣ ಎಂಬ ಅದರ ಲಕ್ಷಣ ಕಾಗದದ ಮೇಲೆ ಕಠಿಣವಾಗಿ ಕಂಡರೂ, ಬೀಸುವ ಕಲ್ಲಿನ ಮುಂದೆ ಕುಳಿತವರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸಾಂಗತ್ಯ ಇನ್ನೊಂದು ಮಟ್ಟು. ಕುಮಾರರಾಮನ ಕಥೆ ಅದರಲ್ಲಿ ಹರಿದಿದೆ. ಆದರೆ ಮೊದಲ ಸಲ ಕಥೆ ಕಟ್ಟುವವರಿಗೆ ನಾನು ಹೇಳುವುದು ಮೂರು ಮಾತ್ರೆ, ನಾಲ್ಕು ಮಾತ್ರೆ ಸೇರಿ ಹೆಜ್ಜೆ ಹಾಕುವ ನಡೆಯನ್ನು. ಗೋವಿನ ಹಾಡು ಈ ನಡೆಯಲ್ಲಿದೆ, ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಬೆನ್ನೆಲುಬೂ ಇದೇ. ಕನ್ನಡದ ಮಕ್ಕಳ ಕಿವಿಯಲ್ಲಿ ಇದು ಶಾಲೆಗೆ ಹೋಗುವ ಮೊದಲೇ ಕುಳಿತಿರುತ್ತದೆ. ಅದನ್ನು ಹೊರಗೆ ತೆಗೆದರೆ ಸಾಕು.

ಲೆಕ್ಕ ಸರಳ. ಮಾತ್ರೆ ಎಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಾಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಅನುಸ್ವಾರ ವಿಸರ್ಗಗಳಿರುವ ಅಕ್ಷರಕ್ಕೆ ಎರಡು ಮಾತ್ರೆ, ಅದು ಗುರು. ನನ್ನ ಹಾಡಿನ ಮೊದಲ ಸಾಲನ್ನೇ ತೆಗೆದುಕೊಳ್ಳೋಣ: ‘ಹಗಲು ಕಟ್ಟಿದ ಕೋಟೆ ಬಾಗಿಲು’. ‘ಹಗಲು’ ಎಂಬಲ್ಲಿ ಮೂರು ಲಘು, ಮೂರು ಮಾತ್ರೆ. ‘ಕಟ್ಟಿದ’ ಎಂಬಲ್ಲಿ ‘ಕ’ದ ಮುಂದೆ ಒತ್ತಕ್ಷರವಿರುವುದರಿಂದ ಅದು ಗುರು, ಉಳಿದೆರಡು ಲಘು, ಒಟ್ಟು ನಾಲ್ಕು. ‘ಕೋಟೆ’ ಮೂರು, ‘ಬಾಗಿಲು’ ನಾಲ್ಕು. ಮೂರು-ನಾಲ್ಕು, ಮೂರು-ನಾಲ್ಕು. ಬೆರಳಿನಿಂದ ಮೇಜಿನ ಮೇಲೆ ಪ್ರತಿ ಗಣದ ಮೊದಲ ಅಕ್ಷರಕ್ಕೆ ತಟ್ಟುತ್ತಾ ಗಟ್ಟಿಯಾಗಿ ಹೇಳಿಕೊಂಡರೆ, ಒಂದು ಚಿಕ್ಕ ಹೆಜ್ಜೆ, ಒಂದು ದೊಡ್ಡ ಹೆಜ್ಜೆ ಹಾಕಿಕೊಂಡು ಯಾರೋ ಬೀದಿಯಲ್ಲಿ ನಡೆದುಬರುತ್ತಿರುವಂತೆ ಕೇಳಿಸುತ್ತದೆ. ಕಥೆ ಹೇಳಲು ಈ ಸಮವಲ್ಲದ ಹೆಜ್ಜೆಯೇ ಒಳ್ಳೆಯದು. ನಾಲ್ಕು-ನಾಲ್ಕರ ನಡೆ ಬಹಳ ಬೇಗ ಕವಾಯತಾಗುತ್ತದೆ, ಮೂರು-ಮೂರರ ನಡೆ ಕುಣಿತಕ್ಕೆ ಇಳಿಯುತ್ತದೆ. ಇದು ನನ್ನ ಕಿವಿಯ ಅಭಿಪ್ರಾಯ. ಲಾವಣಿಕಾರರು ಆ ಎರಡನ್ನೂ ಬೇಕಾದಂತೆ ಬಗ್ಗಿಸಬಲ್ಲರು.

ಮುಂದೆ ಪ್ರಾಸ. ಕನ್ನಡದ ಹಳೆಯ ಪ್ರಾಸ ಸಾಲಿನ ಆರಂಭದಲ್ಲಿ, ಎರಡನೆಯ ಅಕ್ಷರದ ವ್ಯಂಜನದಲ್ಲಿ ಬರುತ್ತದೆ. ಗೋವಿನ ಹಾಡಿನ ಮೊದಲ ಪದ್ಯದ ಸಾಲುಗಳು ಧರಣಿ, ಮೆರೆಯು, ಇರುವ, ಪರಿಯ ಎಂದು ಆರಂಭವಾಗುವುದನ್ನು ನೆನಪಿಸಿಕೊಂಡರೆ ನಾಲ್ಕರಲ್ಲಿಯೂ ಎರಡನೆಯ ಅಕ್ಷರ ರಕಾರವೆಂಬುದು ಗೊತ್ತಾಗುತ್ತದೆ. ಅದರ ಹಿಂದಿನ ಅಕ್ಷರ ಎಲ್ಲ ಕಡೆಯೂ ಲಘುವಾಗಿರಬೇಕು, ಇಲ್ಲವೇ ಎಲ್ಲ ಕಡೆಯೂ ಗುರುವಾಗಿರಬೇಕು. ‘ಹಗಲು’ ಎಂಬುದಕ್ಕೆ ‘ಬಾಗಿಲು’ ಪ್ರಾಸವಾಗದು. ಲಾವಣಿಗಳಲ್ಲಿ ಸಾಲಿನ ಕೊನೆಯ ಪ್ರಾಸಕ್ಕೂ ದೊಡ್ಡ ಸ್ಥಾನವಿದೆ, ಏಕೆಂದರೆ ಹಿಮ್ಮೇಳದವರು ಹಿಡಿದುಕೊಳ್ಳುವುದು ಆ ಕೊನೆಯನ್ನು. ನಾನು ಆದಿಪ್ರಾಸವನ್ನು ಆರಿಸಿಕೊಂಡು ಬರೆದ ಮೊದಲ ಪದ್ಯ ಹೀಗಿದೆ:

ಹಗಲು ಕಟ್ಟಿದ ಕೋಟೆ ಬಾಗಿಲು
ಜಗವು ಮಲಗಿದ ಮೇಲೆ ಉರುಳಿತು
ಬಗೆದು ನೋಡಲು ಬುಡವು ಭದ್ರವು
ಸಿಗದು ಕಾರಣ ಯಾರಿಗೂ

ಕೊನೆಯ ಸಾಲು ಮೊಟಕಾಗಿದೆ. ಅದು ತಪ್ಪಲ್ಲ, ಉಸಿರಿನ ಜಾಗ. ಮೂರು ಸಾಲು ಒಂದೇ ಬಿಗಿಯಲ್ಲಿ ಬಂದವನಿಗೆ ನಾಲ್ಕನೆಯ ಸಾಲಿನ ಕೊನೆಯಲ್ಲಿ ‘ಗೂ’ ಎಂಬ ಗುರುವನ್ನು ಎಳೆದು, ಗಾಳಿ ತುಂಬಿಕೊಂಡು, ಮುಂದಿನ ಪದ್ಯಕ್ಕೆ ಹೋಗಲು ಅವಕಾಶ ಬೇಕು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಮೊದಲ ಕರಡಿನಲ್ಲಿ ನಾಲ್ಕು ಸಾಲೂ ತುಂಬಿದ್ದವು, ಒಂದೂ ಮಾತ್ರೆ ಹೆಚ್ಚುಕಡಿಮೆಯಿರಲಿಲ್ಲ, ಮತ್ತು ಆ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಧಾರವಾಡದ ಕಡೆಯಿಂದ ಬಂದು ಮಗನ ಮನೆಯಲ್ಲಿ ಉಳಿದಿದ್ದ, ವಯಸ್ಸಿನಲ್ಲಿ ಗೀಗೀ ಮೇಳ ಕಟ್ಟಿ ಊರೂರು ತಿರುಗಿದ್ದ ಹಿರಿಯರೊಬ್ಬರಿಗೆ ಚಾಮರಾಜಪೇಟೆಯ ಒಂದು ಹೋಟೆಲಿನಲ್ಲಿ ಅದನ್ನು ಓದಿ ತೋರಿಸಿದೆ. ಅವರು ಕಾಫಿಯ ಲೋಟದ ಅಂಚಿಗೆ ಉಗುರಿನಿಂದ ತಾಳ ಹಾಕುತ್ತಾ ಕೇಳಿದರು. ಎರಡನೆಯ ಪದ್ಯಕ್ಕೆ ತಾಳ ನಿಂತಿತು. “ತಮ್ಮಾ, ಓದಾಕ ಚೊಲೊ ಐತಿ. ಹಾಡಾಂವ ಉಸುರು ಎಲ್ಲಿ ತಗೋಬೇಕು?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ದಿನ ಅವರು ಇನ್ನೊಂದು ಜಾಗದಲ್ಲಿಯೂ ನಿಲ್ಲಿಸಿದರು. ಲಕ್ಷ್ಮೀದೇವಮ್ಮ ಬಲಿಯಾಗಲು ನಿರ್ಧರಿಸುವ ಕಡೆ ನಾನು ಹೀಗೆ ಬರೆದಿದ್ದೆ:

ಅಂಗಲಾಚದೆ ದುಃಖವೆಲ್ಲವ
ನುಂಗಿಕೊಂಡಳು ತ್ಯಾಗಮೂರ್ತಿಯು

ಮಾತ್ರೆ ಸರಿಯಿದೆ, ಪ್ರಾಸ ಸರಿಯಿದೆ, ಆದರೂ ಸಾಲುಗಳು ಸತ್ತಿವೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಆಕಿ ಕೈಯಾಗ ಏನಿತ್ತು?” ನಾನು ತಬ್ಬಿಬ್ಬಾದೆ. ದುಃಖ ನುಂಗಿಕೊಂಡಳೆಂದು ಹೇಳುವವನು ಅವಳನ್ನು ನೋಡಿಲ್ಲ, ಅವಳ ಬಗ್ಗೆ ತೀರ್ಪು ಕೊಟ್ಟಿದ್ದಾನೆ. ತ್ಯಾಗಮೂರ್ತಿ ಎಂಬ ಮಾತು ಸನ್ಮಾನಪತ್ರದಿಂದ ನೇರವಾಗಿ ಬಂದದ್ದು. ಕಥನಗೀತೆಯ ಹಾಡುಗಾರ ಪಾತ್ರದ ಮನಸ್ಸಿನೊಳಗೆ ಹೋಗುವುದು ಬಹಳ ಅಪರೂಪ. ಏನು ಮಾಡಿದಳು, ಏನು ಹಿಡಿದಿದ್ದಳು, ಯಾರಿಗೆ ಏನು ಹೇಳಿದಳು ಎಂಬಷ್ಟನ್ನು ಇಟ್ಟು ಅವನು ಮುಂದೆ ಹೋಗುತ್ತಾನೆ. ಉಳಿದದ್ದನ್ನು ಕೇಳುವವರು ತಮ್ಮ ಕರುಳಿನಿಂದ ತುಂಬಿಕೊಳ್ಳುತ್ತಾರೆ.

ಇದಕ್ಕೆ ಹಲಗಲಿ ಬೇಡರ ಲಾವಣಿಗಿಂತ ಒಳ್ಳೆಯ ಪಾಠ ನನಗೆ ಬೇರೆ ಸಿಕ್ಕಿಲ್ಲ. 1857ರ ನಿಶ್ಶಸ್ತ್ರೀಕರಣದ ಕಾಯ್ದೆಯಂತೆ ಆಯುಧಗಳನ್ನು ಒಪ್ಪಿಸಲು ಮುಧೋಳದ ಸಮೀಪದ ಹಲಗಲಿಯ ಬೇಡರು ಒಪ್ಪದಿದ್ದಾಗ, ಆ ವರ್ಷದ ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರಿಗೆ ನುಗ್ಗಿತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಲಾವಣಿ ಈ ದಂಗೆಯ ನಾಲ್ವರು ಮುಂದಾಳುಗಳಾದ ಪೂಜೇರಿ ಹನುಮ, ಬಾಲ, ಜಡಗ, ರಾಮ ಇವರ ಹೆಸರು ಹಿಡಿದು ಹೇಳುತ್ತದೆ. ಕಾದಾಟವೆಲ್ಲ ಮುಗಿದ ಮೇಲೆ ದಂಡು ಊರನ್ನು ದೋಚುವ ಭಾಗ ಬರುತ್ತದೆ. ಅಲ್ಲಿ ಹಾಡುಗಾರ ಒಂದು ಶಾಪವನ್ನೂ ಹಾಕುವುದಿಲ್ಲ, ಒಂದು ಕಣ್ಣೀರನ್ನೂ ಸುರಿಸುವುದಿಲ್ಲ. ಹೊತ್ತುಕೊಂಡು ಹೋದ ಸಾಮಾನುಗಳ ಪಟ್ಟಿ ಕೊಡುತ್ತಾನೆ. ಬೆಳ್ಳಿ ಬಂಗಾರದಿಂದ ಶುರುವಾದ ಪಟ್ಟಿ ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಅಕ್ಕಿ, ಸಕ್ಕರೆ, ಬೆಲ್ಲಕ್ಕೆ ಇಳಿಯುತ್ತದೆ, ಗಂಗಾಳ ಚರಿಗೆಗಳಿಗೆ ಇಳಿಯುತ್ತದೆ, ಮಂಗಳಸೂತ್ರಕ್ಕೆ ಬರುತ್ತದೆ, ಬೀಸುವ ಕಲ್ಲಿಗೆ ಬರುತ್ತದೆ. ಬಂಗಾರ ದೋಚುವುದು ಯುದ್ಧದ ರೂಢಿಯೆಂದು ಯಾರೂ ಆಶ್ಚರ್ಯಪಡುವುದಿಲ್ಲ. ಜೀರಿಗೆಯ ಹೆಸರು ಕೇಳಿದಾಗ ಒಂದು ಅಡಿಗೆಮನೆ ಕಣ್ಣಿಗೆ ಬರುತ್ತದೆ, ಬೀಸುವ ಕಲ್ಲಿನ ಹೆಸರು ಕೇಳಿದಾಗ ಆ ಮನೆಯಲ್ಲಿ ನಾಳೆ ಹಿಟ್ಟಿಲ್ಲವೆಂಬುದು ತಿಳಿಯುತ್ತದೆ. ‘ಹೃದಯವಿದ್ರಾವಕ’ ಎಂಬ ಪದವನ್ನು ಎಷ್ಟು ಸಲ ಬರೆದರೂ ಆ ಕಲ್ಲಿನ ಭಾರ ಅದಕ್ಕೆ ಬರುವುದಿಲ್ಲ.

ಪಟ್ಟಿ ಎಂದರೆ ಬೇಸರವೆಂದು ನಮಗೆ ಯಾರೋ ಹೇಳಿಕೊಟ್ಟಿದ್ದಾರೆ. ಹಾಡಿನಲ್ಲಿ ಪಟ್ಟಿ ವೇಗ ಕೊಡುತ್ತದೆ, ತಾಳಕ್ಕೆ ತಾನಾಗಿ ಹೊಂದುತ್ತದೆ, ನೆನಪಿಗೂ ಸುಲಭ. ಆದರೆ ಅದರ ಕ್ರಮ ಕವಿಯ ಕೆಲಸ. ಯಾವುದು ಮೊದಲು, ಯಾವುದು ಕೊನೆಗೆ ಎಂಬುದರಲ್ಲಿ ಹಾಡಿನ ಜೀವವಿದೆ.

ಇನ್ನೊಂದು ಉಪಾಯ ಹೆಚ್ಚುತ್ತಾ ಹೋಗುವ ಪುನರಾವೃತ್ತಿ. ‘ಕೆರೆಗೆ ಹಾರ’ ಎಂಬ ಜನಪದ ಹಾಡಿನ ಕಥೆಯೂ ನನ್ನ ಕಥೆಯಂಥದೇ: ಕೆರೆ ಕಟ್ಟಿಸಿದರೂ ನೀರು ಬೀಳುವುದಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದು ತೀರ್ಮಾನವಾಗುತ್ತದೆ. ಅವಳು ತವರಿಗೆ ಹೋದಾಗ ಮುಖ ಬಾಡಿರುವುದೇಕೆಂದು ಹೆತ್ತವರು ಕೇಳಿದರೆ ನಿಜ ಹೇಳುವುದಿಲ್ಲ. ಅತ್ತೆ ಮಾವ ಬೇರೆ ಮನೆ ಮಾಡಿಸುತ್ತಾರಂತೆ ಎಂದುಬಿಡುತ್ತಾಳೆ. ಗೆಳತಿಯ ಮುಂದೆ ಮಾತ್ರ ಬಾಯಿ ಬಿಡುತ್ತಾಳೆ. ಇಡೀ ಹಾಡಿನಲ್ಲಿ ಅವಳ ಸ್ವಭಾವವನ್ನು ವರ್ಣಿಸುವ ಮಾತುಗಳಿಗಿಂತ ಆ ಒಂದು ಸುಳ್ಳು ಹೆಚ್ಚು ಹೇಳುತ್ತದೆ. ಕೊನೆಯಲ್ಲಿ ಕೆರೆಯ ಮೆಟ್ಟಿಲುಗಳ ಭಾಗವಿದೆ. ಒಂದೊಂದು ಮೆಟ್ಟಿಲಿಗೂ ಅದೇ ಸಾಲು ಮರಳಿ ಬರುತ್ತದೆ, ಬದಲಾಗುವುದು ಮೆಟ್ಟಿಲಿನ ಎಣಿಕೆ ಮತ್ತು ನೀರಿನ ಎತ್ತರ ಮಾತ್ರ: ನೀರು ಪಾದ ಮುಟ್ಟುತ್ತದೆ, ಮೇಲೇರುತ್ತದೆ, ನಡುವಿಗೆ ಬರುತ್ತದೆ, ಕಡೆಯ ಮೆಟ್ಟಿಲಿಗೆ ಕೆರೆ ತುಂಬಿ ಹರಿಯುತ್ತದೆ. ಎರಡನೆಯ ಮೆಟ್ಟಿಲಿನ ಹೊತ್ತಿಗೇ ಕೇಳುವವರಿಗೆ ಕೊನೆ ಗೊತ್ತಾಗಿರುತ್ತದೆ. ಗೊತ್ತಿದ್ದರೂ ಒಂದೊಂದೇ ಮೆಟ್ಟಿಲನ್ನು ಅವಳೊಂದಿಗೆ ಏರಬೇಕಾಗುವುದೇ ಅಲ್ಲಿನ ಸಂಕಟ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 305 ಹಳೆಯ ಬ್ಯಾಲಡ್‌ಗಳನ್ನು, ಅಂದರೆ ಅಲ್ಲಿನ ಕಥನಗೀತೆಗಳನ್ನು, ಅಮೆರಿಕದ ವಿದ್ವಾಂಸ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 1882ರಿಂದ 1898ರವರೆಗೆ ಸಂಪುಟಗಳಾಗಿ ಪ್ರಕಟಿಸಿದನಷ್ಟೆ. ಅಲ್ಲಿಯೂ ಇದೇ ಉಪಾಯ ಮತ್ತೆ ಮತ್ತೆ ಕಾಣುತ್ತದೆ. ಒಬ್ಬರಿಂದ ಒಬ್ಬರು ಕಲಿತದ್ದಲ್ಲ, ಕಿವಿಗೆ ಹಾಡುವವರೆಲ್ಲ ತಾವಾಗಿಯೇ ಬಂದು ಸೇರಿದ ಜಾಗವದು.

ಹೋಟೆಲಿನಿಂದ ಹಿಂದಿರುಗಿದ ಮೇಲೆ ನಾನು ತ್ಯಾಗಮೂರ್ತಿಯನ್ನು ಹೊಡೆದುಹಾಕಿ, ಅವಳನ್ನು ಮೂರು ಬಾಗಿಲು ದಾಟಿಸಲು ನಿಶ್ಚಯಿಸಿದೆ. ಮೊದಲನೆಯದು ಮಲಗುವ ಕೋಣೆಯದು, ಎರಡನೆಯದು ಬೀದಿಯ ಬಾಗಿಲು, ಮೂರನೆಯದು ಕೋಟೆಯದು.

ಒಂದು ಬಾಗಿಲ ದಾಟಿ ನಡೆದಳು
ಹಿಂದೆ ದೀಪವು ಮಿನುಗುತಿದ್ದಿತು
ಎರಡು ಬಾಗಿಲ ದಾಟಿ ನಡೆದಳು
ಇರುಳ ಕಾವಲು ನಾಯಿ ಬೊಗಳದು
ಮೂರು ಬಾಗಿಲ ದಾಟಿ ನಿಂತಳು
ಆರು ತಿಂಗಳ ಬಸಿರು ಮಿಸುಕಿತು

ಇಲ್ಲಿ ಪ್ರಾಸ ಎರಡೆರಡು ಸಾಲಿಗೆ ಬದಲಾಗುತ್ತದೆ, ಎಣಿಕೆಯ ಪದವೇ ಪ್ರಾಸವನ್ನು ನಿರ್ಧರಿಸುತ್ತದೆ. ನಾಯಿ ಬೊಗಳಲಿಲ್ಲ ಎಂದರೆ ಹೊರಟವಳು ಮನೆಯವಳು ಎಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಬಸಿರಿಗೆ ಆರು ತಿಂಗಳೆಂದು ಐತಿಹ್ಯ ಹೇಳುವುದಿಲ್ಲ. ‘ಮೂರು’ ಎಂಬುದಕ್ಕೆ ಪ್ರಾಸ ಹುಡುಕುವಾಗ ‘ಆರು’ ತಾನಾಗಿ ಬಂತು, ಬಂದಮೇಲೆ ಬಸಿರಿನ ಮಿಸುಕಾಟವೂ ಅದರ ಹಿಂದೆ ಬಂತು. ಪ್ರಾಸ ಕವಿಯ ಕೈ ಕಟ್ಟುತ್ತದೆಂದು ದೂರುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಎರಡು ಕಡೆ ‘ನಡೆದಳು’, ಮೂರನೆಯ ಕಡೆ ‘ನಿಂತಳು’: ಪುನರಾವೃತ್ತಿಯಲ್ಲಿ ಬದಲಾಗುವ ಪದವೊಂದೇ ಇದ್ದರೆ ಎಲ್ಲರ ಕಿವಿಯೂ ಅಲ್ಲಿಗೆ ಹೋಗುತ್ತದೆ.

ಬಲಿಯ ಕ್ಷಣವನ್ನು ನಾನು ಬರೆಯಲಿಲ್ಲ. ಹಳೆಯ ಹಾಡುಗಳು ಹೀಗೆ ಜಿಗಿಯುತ್ತವೆ; ನಾಲ್ಕು ಸಾಲಿನಲ್ಲಿ ಬಾಗಿಲು ದಾಟಿಸಿದ ಹಾಡುಗಾರ ಮುಂದಿನ ಸಾಲಿನಲ್ಲಿ ಬೆಳಗು ಹರಿಸಿಬಿಡುತ್ತಾನೆ. ಎಲ್ಲಿ ನಿಧಾನಿಸಬೇಕು, ಎಲ್ಲಿ ಹಾರಬೇಕು ಎಂಬ ವಿವೇಕವನ್ನು ಲಕ್ಷಣಗ್ರಂಥಗಳು ಕಲಿಸುವುದಿಲ್ಲ. ನನಗೆ ತಿಳಿದ ಮಟ್ಟಿಗೆ, ಎಲ್ಲರೂ ವಿವರಿಸಬಹುದೆಂದು ನಿರೀಕ್ಷಿಸುವ ಜಾಗದಲ್ಲಿ ಹಾರುವುದು, ಯಾರೂ ನಿಲ್ಲದ ಜಾಗದಲ್ಲಿ ನಿಲ್ಲುವುದು ಒಳ್ಳೆಯದು. ಕಥೆಯ ಆರಂಭಕ್ಕೂ ಇದು ಅನ್ವಯಿಸುತ್ತದೆ. ನನ್ನ ಮೊದಲ ಕರಡು ಕೆಂಪೇಗೌಡರ ವಂಶಾವಳಿಯಿಂದ ಶುರುವಾಗಿತ್ತು, ಎತ್ತುಗಳನ್ನು ನಾಲ್ಕು ದಿಕ್ಕಿಗೆ ಓಡಿಸಿ ಬೀದಿಗಳ ಗೆರೆ ಎಳೆಸಿದ ಕಥೆ ಆರು ಪದ್ಯ ತಿಂದಿತ್ತು. ಈಗ ಹಾಡು ಬೀಳುತ್ತಿರುವ ಬಾಗಿಲಿನಿಂದಲೇ ಶುರುವಾಗುತ್ತದೆ.

ಸಂಪ್ರದಾಯದ ಹಾಡುಗಾರ ಕಥೆಗೆ ಮೊದಲು ಗಣಪತಿಯನ್ನೋ ಶಾರದೆಯನ್ನೋ ಊರ ದೇವರನ್ನೋ ನೆನೆಯುತ್ತಾನೆ, ಕೊನೆಯಲ್ಲಿ ತನ್ನ ಊರಿನ ಅಥವಾ ಗುರುವಿನ ಹೆಸರಿನ ಅಂಕಿತವಿಡುತ್ತಾನೆ. ಹಲಗಲಿಯ ಲಾವಣಿಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ಸ್ತುತಿಯಿಂದ ಸಭೆ ಸದ್ದಡಗುತ್ತದೆ, ಅಂಕಿತದಿಂದ ಹಾಡಿನ ಒಡೆತನ ಗೊತ್ತಾಗುತ್ತದೆ. ಹೊಸಬರು ಇವೆರಡನ್ನೂ ಬಿಡಬಹುದು, ಇಟ್ಟುಕೊಳ್ಳಲೂಬಹುದು.

ಪಲ್ಲವಿಯನ್ನು ಮಾತ್ರ ಬಿಡುವಂತಿಲ್ಲ. ಲಾವಣಿಕಾರರು ಇದನ್ನು ಪಲ್ಲ ಎನ್ನುತ್ತಾರೆ; ಅವರ ಹಾಡಿನಲ್ಲಿ ಪಲ್ಲ, ಚೌಕ, ಚಾಲು, ಏರು, ಇಳುವು ಎಂಬ ಭಾಗಗಳು ಬಂದು, ಧಾಟಿ ಏರಿಳಿದು, ಮತ್ತೆ ಪಲ್ಲಕ್ಕೆ ಕೂಡಿಕೊಳ್ಳುತ್ತದೆ. ಗೀಗೀ ಮೇಳದಲ್ಲಿ ಮುಂದಿನ ಹಾಡುಗಾರ ದಪ್ಪು ಎಂಬ ಚರ್ಮವಾದ್ಯ ಹಿಡಿದರೆ, ಹಿಮ್ಮೇಳದವರು ಒಂಟಿ ತಂತಿಯ ತುಂತುಣಿ ಮತ್ತು ತಾಳ ಹಿಡಿದು ‘ಗೀಯ ಗೀಯ’ ಎಂದು ಸೊಲ್ಲೆತ್ತಿಕೊಳ್ಳುತ್ತಾರೆ. ಪ್ರಕಾರಕ್ಕೆ ಹೆಸರು ಬಂದದ್ದೇ ಅದರಿಂದ. ಹರದೇಶಿ ಮತ್ತು ನಾಗೇಶಿ ಮೇಳಗಳು ಎದುರುಬದುರು ನಿಂತು, ಒಬ್ಬರು ಗಂಡಿನ ಹಿರಿಮೆಯನ್ನೂ ಒಬ್ಬರು ಹೆಣ್ಣಿನ ಹಿರಿಮೆಯನ್ನೂ ಎತ್ತಿ ಹಿಡಿದು ರಾತ್ರಿಯೆಲ್ಲ ಸವಾಲು ಜವಾಬು ನಡೆಸುವಾಗ, ಮುಂದಿನ ಪದ್ಯ ಹೊಳೆಯುವವರೆಗೆ ಹಾಡುಗಾರನಿಗೆ ಸಮಯ ದೊರಕಿಸಿಕೊಡುವುದು ಈ ಸೊಲ್ಲೇ. ಬರೆಯುವ ಹಾಡಿನಲ್ಲಿ ಪಲ್ಲವಿಗೆ ಇನ್ನೂ ಒಂದು ಕೆಲಸವಿದೆ. ಪದಗಳು ಒಂದೇ ಆಗಿದ್ದರೂ ಕಥೆ ಸರಿದಂತೆ ಅದರ ಅರ್ಥ ಸರಿಯಬೇಕು. ನನ್ನದು ಇದು:

ನಿಲ್ಲು ಬಾಗಿಲೆ ನಿಲ್ಲು ಬಾಗಿಲೆ
ಕಲ್ಲಿಗೂ ಕರುಳಿರುವುದೆ

ಮೊದಲ ಸಲ ಇದು ದಣಿದ ಒಡ್ಡರ ಬೇಡಿಕೆ, ಎರಡನೆಯ ಸಲ ಗೌಡರ ಸಿಟ್ಟು. ಮೂರು ಬಾಗಿಲು ದಾಟಿದ ಮೇಲೆ ಬಂದಾಗ ಅದು ಅವಳ ಮಾತಾಗುತ್ತದೆ. ಕೊನೆಯಲ್ಲಿ ಬಾಗಿಲು ನಿಂತುಬಿಟ್ಟಿದೆ, ಆಗ ಅದೇ ಸಾಲು ಕೇಳಲು ಕಷ್ಟವಾಗುತ್ತದೆ. ಒಂದು ಅಕ್ಷರವನ್ನೂ ಬದಲಿಸದೆ ಇಷ್ಟನ್ನು ಹೇಳಲು ಬೇರೆ ಪ್ರಕಾರಗಳಲ್ಲಿ ಸಾಧ್ಯವೇ ಎಂದು ನನಗೆ ಅನುಮಾನ.

ಸಿದ್ಧ ಮಾತುಗಳ ಬಗ್ಗೆಯೂ ಒಂದು ಮಾತು. ಹಾಡುಗಳಲ್ಲಿ ಬುಟ್ಟಿ ಚಿನ್ನದ್ದೇ, ವನವಾಸ ಹನ್ನೆರಡು ವರ್ಷದ್ದೇ, ಸುತ್ತು ಏಳೇ. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಮತ್ತು ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ಗುಸ್ಲೆ ವಾದ್ಯದ ಹಾಡುಗಾರರನ್ನು ಧ್ವನಿಮುದ್ರಿಸಿ, ಸಾವಿರಾರು ಸಾಲುಗಳನ್ನು ಅವರು ಬಾಯಿಪಾಠ ಮಾಡಿರುವುದಿಲ್ಲ, ಛಂದಸ್ಸಿಗೆ ಹೊಂದುವ ಇಂಥ ಸಿದ್ಧ ತುಣುಕುಗಳನ್ನು ಜೋಡಿಸಿ ಹಾಡುತ್ತಲೇ ಕಟ್ಟುತ್ತಾರೆಂದು ತೋರಿಸಿದರು. ನಮ್ಮ ನೀಲಗಾರರನ್ನೋ ದೇವರಗುಡ್ಡರನ್ನೋ ಒಂದೇ ಕಥೆಗೆ ಎರಡು ಸಲ ಕೇಳಿದವರಿಗೆ ಇದು ಹೊಸ ಸುದ್ದಿಯಲ್ಲ. ಬರೆಯುವವರು ಇಂಥ ತುಣುಕುಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯ ಅಭ್ಯಾಸ. ಮೂರು ಮಾತ್ರೆಯವು ಒಂದು ಕಡೆ, ನಾಲ್ಕರವು ಒಂದು ಕಡೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಬೆಂಗಳೂರಿನಿಂದ ಒಂದು ಬೆಳಗ್ಗೆ ಹೋಗಿ ವಾದ್ಯಗಳನ್ನು ಕಣ್ಣಿಂದ ನೋಡಿಬಂದರೂ ಕಿವಿ ಸ್ವಲ್ಪ ತೆರೆಯುತ್ತದೆ.

ಭಾಷೆ ಯಾವುದಿರಬೇಕು ಎಂಬ ಪ್ರಶ್ನೆ ಬೆಂಗಳೂರಿನವರನ್ನು ವಿಶೇಷವಾಗಿ ಕಾಡುತ್ತದೆ. ಲಾವಣಿ ಎಂದೊಡನೆ ಹುಟ್ಟಿ ಬೆಳೆದದ್ದು ಬಸವನಗುಡಿಯಾದರೂ ‘ಬಂದಾನ, ಹೋಗ್ಯಾನ’ ಎಂದು ಬರೆಯಲು ಶುರುಮಾಡುವವರಿದ್ದಾರೆ. ಅದು ವೇಷ. ಹಳೆಯ ಲಾವಣಿಕಾರರು ತಮ್ಮ ಕಾಲದ ತಮ್ಮ ಊರಿನ ಮಾತನ್ನೇ ಹಾಡಿದರು, ಪರದೇಶದ ಪದವನ್ನು ತಮ್ಮ ನಾಲಿಗೆಗೆ ಬಗ್ಗಿಸಿಕೊಂಡರು. ಹಲಗಲಿಯ ಹಾಡಿನಲ್ಲಿ ಕಂಪನಿ ‘ಕುಂಪಣಿ’ಯಾಗಿದೆ, ಕೆರ್ ಎಂಬ ಅಧಿಕಾರಿ ‘ಕಾರಸಾಹೇಬ’ನಾಗಿದ್ದಾನೆ. ಹಾಗೆಯೇ ಇಂದಿನ ಕಥೆಯನ್ನು ಕಟ್ಟುವವರು ಬಸ್‌ಸ್ಟಾಂಡು, ಫ್ಲೈಓವರು, ಲೇಔಟುಗಳನ್ನು ಹಾಗೆಯೇ ಹಾಡಬಹುದು. ನನ್ನ ಕಥೆ ಹಳೆಯದಾದ್ದರಿಂದ ಗೋವಿನ ಹಾಡಿನ ಸರಳ ನಡುಗನ್ನಡದ ಕಡೆಗೆ ವಾಲಿದೆ, ಅಷ್ಟೆ.

ವಸ್ತುವಿನ ಸತ್ಯದ ವಿಷಯದಲ್ಲಿ ಲಾವಣಿಯ ಪರಂಪರೆ ನಾವು ಎಣಿಸುವುದಕ್ಕಿಂತ ಕಟ್ಟುನಿಟ್ಟಾದದ್ದು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ದಂಗೆಯ ಜೊತೆಗೆ ಆದಾಯ ತೆರಿಗೆಯ ಮೇಲಿನ ಹಾಡೂ ಇದೆ, ಪತ್ರಿಕೆ ತಲುಪದ ಊರಿಗೆ ಲಾವಣಿಯೇ ಪತ್ರಿಕೆಯಾಗಿತ್ತು. ನನ್ನ ವಸ್ತು ಐತಿಹ್ಯ, ಅದನ್ನು ಇತಿಹಾಸವೆಂದು ಹಾಡಲು ನಾನು ಒಪ್ಪಲಾರೆ. ಕಟ್ಟಡಕ್ಕೆ ಹೆಣ್ಣನ್ನು ಬಲಿ ಕೊಡುವ ಕಥೆ ಬಾಲ್ಕನ್ ದೇಶಗಳಲ್ಲಿಯೂ ಪ್ರಸಿದ್ಧ: ಸರ್ಬಿಯದ ಹಾಡಿನಲ್ಲಿ ಸ್ಕಾದರ್ ಕೋಟೆಗೆ, ಗ್ರೀಸಿನಲ್ಲಿ ಆರ್ಟಾದ ಸೇತುವೆಗೆ, ರುಮೇನಿಯದಲ್ಲಿ ಒಂದು ಮಠಕ್ಕೆ. ಹಗಲು ಕಟ್ಟಿದ್ದು ರಾತ್ರಿ ಬೀಳುವುದೂ ಅಲ್ಲೆಲ್ಲ ಹೀಗೆಯೇ. ಬಲಿಯನ್ನು ಹಾಡಿ ಹೊಗಳುವುದು ಸರಿಯೇ ಎಂದು ಗೆಳತಿಯೊಬ್ಬಳು ನನ್ನನ್ನು ಕೇಳಿದಳು. ನನ್ನ ಮಟ್ಟಿಗೆ ಹಾಡು ಹೊಗಳಬೇಕಾಗಿಲ್ಲ. ಬಳೆಯನ್ನು ತೋರಿಸಿದರೆ ಸಾಕು:

ಬೆಳಗು ಹರಿಯಿತು ಕೋಟೆ ನಿಂತಿತು
ಕೆಳಗೆ ಬಿದ್ದಿವೆ ಹಸಿರು ಬಳೆಗಳು

ಇಷ್ಟು ತಿದ್ದಿಕೊಂಡು, ಹನ್ನೊಂದು ಪದ್ಯಗಳಿಗೆ ಇಳಿಸಿದ ಹಾಡನ್ನು ಅದೇ ಹಿರಿಯರ ಬಳಿಗೆ ಮತ್ತೆ ಒಯ್ದೆ. ಈ ಸಲ ಅವರು ನನಗೆ ಓದಲು ಬಿಡಲಿಲ್ಲ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ತುಟಿಯಲ್ಲೇ ಒಂದು ಸಲ ಹೇಳಿಕೊಂಡು, ಮೇಜಿಗೆ ತಾಳ ಹಾಕಿ ಮೆಲ್ಲಗೆ ಹಾಡತೊಡಗಿದರು. ನಾನು ಪಲ್ಲವಿ ಇಟ್ಟಿದ್ದ ಒಂದು ಜಾಗದಲ್ಲಿ ಅದನ್ನು ಬಿಟ್ಟರು, ಇಡದಿದ್ದ ಎರಡು ಜಾಗಗಳಲ್ಲಿ ಸೇರಿಸಿದರು. ಕಡೆಯ ಸಾಲಿಗೆ ಬಂದಾಗ ‘ಕೆಳಗೆ ಬಿದ್ದಾವ ಹಸಿರು ಬಳೆಗಳು’ ಎಂದರು. ನನ್ನ ಲೆಕ್ಕದಲ್ಲಿ ಅಲ್ಲಿ ಒಂದು ಮಾತ್ರೆ ಹೆಚ್ಚಾಗಿತ್ತು, ಅವರ ತಾಳದಲ್ಲಿ ಆಗಿರಲಿಲ್ಲ. ಹಾಳೆಯನ್ನು ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು. ನಾನು ವಾಪಸ್ಸು ಕೇಳಲಿಲ್ಲ.